800 ಮೀಟರ್: ಪತ್ರಿಕೆಗಳು ಬೀಳಿಸಿದ ಓಟಗಾರ್ತಿಯರು

ಬೆಳಿಗ್ಗೆ ಚಹಾದ ಜೊತೆ ಪತ್ರಿಕೆ ತಿರುವುವಾಗ ಕ್ರೀಡಾಪುಟವನ್ನು ಒಮ್ಮೆ ಬೇರೆ ಕಣ್ಣಿನಿಂದ ನೋಡಿ. ಎಷ್ಟು ಸುದ್ದಿ ಗಂಡಸರ ಆಟದ್ದು, ಎಷ್ಟು ಹೆಂಗಸರ ಆಟದ್ದು ಎಂದು ಬೆರಳು ಮಡಚಿ ಎಣಿಸಿ. ಹೆಚ್ಚಿನ ದಿನಗಳಲ್ಲಿ ಎರಡನೆಯ ಲೆಕ್ಕಕ್ಕೆ ಒಂದು ಕೈಯ ಬೆರಳುಗಳೂ ಬೇಕಾಗುವುದಿಲ್ಲ. ಅಮೆರಿಕದಲ್ಲಿ ಕೆಲವು ಸಂಶೋಧಕರು ಈ ಎಣಿಕೆಯನ್ನೇ ಶ್ರದ್ಧೆಯಿಂದ ಮಾಡಿದ್ದಾರೆ. 1989ರಿಂದ ಐದೈದು ವರ್ಷಕ್ಕೊಮ್ಮೆ ಅವರು ಅಲ್ಲಿನ ಟಿ.ವಿ. ಕ್ರೀಡಾವಾರ್ತೆಗಳನ್ನು ಅಳೆದು ನೋಡಿದರು. 1989ರಲ್ಲಿ ಮಹಿಳಾ ಕ್ರೀಡೆಗೆ ಸಿಕ್ಕಿದ ಸಮಯ ಶೇ. 5. ಮೂವತ್ತು ವರ್ಷಗಳ ಬಳಿಕ, 2019ರಲ್ಲಿ, ಶೇ. 5.4. ಈ ಮೂವತ್ತು ವರ್ಷಗಳಲ್ಲಿ ಆಟದ ಮೈದಾನಕ್ಕಿಳಿದ ಹುಡುಗಿಯರ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿತು. ಕ್ಯಾಮರಾ ಮಾತ್ರ ನಿಂತಲ್ಲಿಯೇ ನಿಂತಿತ್ತು.

‘ಜನ ನೋಡುವುದಿಲ್ಲ, ಅದಕ್ಕೇ ನಾವು ತೋರಿಸುವುದಿಲ್ಲ’ ಎನ್ನುವುದು ಮಾಧ್ಯಮದವರ ಉತ್ತರ. ‘ತೋರಿಸದಿದ್ದರೆ ಜನ ನೋಡುವುದಾದರೂ ಹೇಗೆ?’ ಎನ್ನುವುದು ಆಟಗಾರ್ತಿಯರ ಪ್ರಶ್ನೆ. ಆದರೆ ಇದು ಬರೀ ಜಾಗದ ಜಗಳವಲ್ಲ. ಪತ್ರಿಕೆಯಲ್ಲಿ ಬಂದದ್ದು, ಬಾರದೆ ಹೋದದ್ದು, ತಪ್ಪಾಗಿ ಬಂದದ್ದು ಎಲ್ಲವೂ ಮೈದಾನದ ಒಳಗಿನ ಬದುಕನ್ನು ತಿದ್ದಿದೆ. ಒಂದು ಸುಳ್ಳು ಸುದ್ದಿ ಒಂದು ಓಟದ ದಾರಿಯನ್ನು ಮಹಿಳೆಯರಿಗೆ 32 ವರ್ಷಗಳ ಕಾಲ ಮುಚ್ಚಿಬಿಟ್ಟದ್ದೂ ಇತಿಹಾಸದಲ್ಲಿದೆ. ಆ ಓಟದ ಕಥೆಯನ್ನು ಹಿಡಿದು ಹೊರಟರೆ ನಮ್ಮ ಕಾಲದವರೆಗೂ ಬರಬಹುದು.

ಬೇಡವಾದ ಅತಿಥಿಗಳು

ಆಧುನಿಕ ಒಲಿಂಪಿಕ್ಸ್ 1896ರಲ್ಲಿ ಅಥೆನ್ಸ್‌ನಲ್ಲಿ ಆರಂಭವಾದಾಗ ಅದರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಒಲಿಂಪಿಕ್ಸಿಗೆ ಮರುಹುಟ್ಟು ಕೊಟ್ಟ ಫ್ರಾನ್ಸಿನ ಪಿಯರ್ ದ ಕುಬರ್ತಾಂ ಅವರಿಗೆ ಅದು ಇರಬೇಕಾದದ್ದೇ ಹಾಗೆ ಎಂಬ ನಂಬಿಕೆ. ಮಹಿಳೆಯರ ಒಲಿಂಪಿಕ್ಸ್ ಅವ್ಯವಹಾರಿಕ, ನೀರಸ, ನೋಟಕ್ಕೆ ಚಂದವಲ್ಲದ್ದು ಮತ್ತು ಅನುಚಿತ ಎಂಬ ಅರ್ಥದಲ್ಲಿ ಅವರು 1912ರಲ್ಲಿ ಬರೆದರು. ಗೆದ್ದವರಿಗೆ ಕಿರೀಟ ತೊಡಿಸುವುದಷ್ಟೇ ಹೆಣ್ಣಿನ ಕೆಲಸ ಎಂಬುದು ಅವರ ಕೊನೆಗಾಲದವರೆಗಿನ ಅಭಿಪ್ರಾಯವಾಗಿತ್ತು. ಟೆನಿಸ್, ಈಜು ಮುಂತಾದ ಕೆಲವು ಆಟಗಳಲ್ಲಿ ಮಹಿಳೆಯರು ಹೇಗೋ ಒಳಗೆ ಬಂದಿದ್ದರೂ ಒಲಿಂಪಿಕ್ಸಿನ ಹೃದಯದಂತಿದ್ದ ಅಥ್ಲೆಟಿಕ್ಸ್ ಅವರಿಗೆ ನಿಷಿದ್ಧವಾಗಿತ್ತು.

ಈ ಬಾಗಿಲನ್ನು ಬಡಿದವರು ಫ್ರಾನ್ಸಿನವರೇ ಆದ ಆಲಿಸ್ ಮಿಲಿಯಾ. ಅವರ ಬೇಡಿಕೆಯನ್ನು ಒಲಿಂಪಿಕ್ ಸಮಿತಿ 1919ರಲ್ಲಿ ತಳ್ಳಿಹಾಕಿತು. ಮಿಲಿಯಾ ಮನೆಗೆ ಹೋಗಿ ಕುಳಿತುಕೊಳ್ಳಲಿಲ್ಲ. 1921ರಲ್ಲಿ ಅಂತಾರಾಷ್ಟ್ರೀಯ ಮಹಿಳಾ ಕ್ರೀಡಾ ಒಕ್ಕೂಟವನ್ನೇ ಕಟ್ಟಿದರು. 1922ರ ಆಗಸ್ಟ್ 20ರಂದು ಪ್ಯಾರಿಸ್‌ನಲ್ಲಿ ಮಹಿಳೆಯರದ್ದೇ ಒಲಿಂಪಿಕ್ಸ್ ನಡೆಸಿದರು. ಐದು ದೇಶಗಳ ಓಟಗಾರ್ತಿಯರು ಬಂದರು, ಸುಮಾರು 20,000 ಜನ ನೋಡಿದರು. ಆ ದಿನದ ಸ್ಪರ್ಧೆಗಳಲ್ಲಿ 1000 ಮೀಟರ್ ಓಟವೂ ಇತ್ತು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ.

ಜನ ಸೇರಿದ್ದನ್ನು ಕಂಡು ಒಲಿಂಪಿಕ್ ಸಮಿತಿಗೆ ಕಸಿವಿಸಿಯಾಯಿತು. ‘ಒಲಿಂಪಿಕ್ಸ್’ ಎಂಬ ಹೆಸರು ಬಿಟ್ಟುಕೊಡಿ, ಬದಲಿಗೆ ನಿಮಗೆ ಕೆಲವು ಸ್ಪರ್ಧೆ ಕೊಡುತ್ತೇವೆ ಎಂಬ ಒಪ್ಪಂದಕ್ಕೆ ಬಂದಿತು. ಹೀಗೆ 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಅಥ್ಲೆಟಿಕ್ಸಿನ ಐದೇ ಐದು ಸ್ಪರ್ಧೆಗಳು ಸಿಕ್ಕಿದವು. ಇಷ್ಟು ಸಾಲದೆಂದು ಬ್ರಿಟನ್ನಿನ ಓಟಗಾರ್ತಿಯರು ಬಹಿಷ್ಕಾರ ಹಾಕಿದರು. ಸಿಕ್ಕಿದ ಐದರಲ್ಲಿ ಅತಿ ದೂರದ ಓಟ 800 ಮೀಟರ್.

ಓಡಿದವರು ಒಂಬತ್ತು, ಬರೆದದ್ದು ಹನ್ನೊಂದು

1928ರ ಆಗಸ್ಟ್ 2. ಅಂತಿಮ ಸ್ಪರ್ಧೆಯಲ್ಲಿ ಒಂಬತ್ತು ಮಂದಿ. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ಗುರಿ ಮುಟ್ಟಿ ವಿಶ್ವದಾಖಲೆ ಬರೆದರು. ಆ ದಾಖಲೆಯನ್ನು 1944ರವರೆಗೆ ಯಾರೂ ಮುರಿಯಲಾಗಲಿಲ್ಲ. ಬೆನ್ನ ಹಿಂದೆಯೇ ಬಂದವರು ಜಪಾನಿನ ಕಿನುಎ ಹಿತೋಮಿ, ಆಮೇಲೆ ಸ್ವೀಡನ್ನಿನ ಇಂಗಾ ಗೆಂಟ್ಸೆಲ್. ಮೂವರೂ ಹಳೆಯ ವಿಶ್ವದಾಖಲೆಗಿಂತ ಬೇಗ ಓಡಿದ್ದರು. ಇಂಥ ಓಟವನ್ನು ಕಂಡ ವರದಿಗಾರನ ಮೊದಲ ಸಾಲು ಏನಾಗಿರಬೇಕಿತ್ತು?

ಮರುದಿನ ಓದುಗರಿಗೆ ಸಿಕ್ಕಿದ್ದು ಬೇರೆಯೇ ಕಥೆ. ನ್ಯೂಯಾರ್ಕಿನ ಒಂದು ದೊಡ್ಡ ಪತ್ರಿಕೆ ಒಂಬತ್ತರಲ್ಲಿ ಆರು ಮಂದಿ ಸಂಪೂರ್ಣ ಬಳಲಿ ಮುಗ್ಗರಿಸಿ ಬಿದ್ದರೆಂದಿತು. ‘ಷಿಕಾಗೊ ಟ್ರಿಬ್ಯೂನ್’ ಐವರು ಕುಸಿದರೆಂದಿತು. ಇನ್ನೊಬ್ಬ ಹೆಸರಾಂತ ಬರಹಗಾರರಂತೂ ಹನ್ನೊಂದು ಮಂದಿ ಓಡಿದರು, ಐವರು ಅರ್ಧದಲ್ಲೇ ಬಿಟ್ಟರು, ಇನ್ನೈವರು ಗುರಿ ಮುಟ್ಟಿ ಕುಸಿದರು ಎಂದು ಬರೆದರು. ಹೆಂಗಸರ ದೇಹಕ್ಕೆ ಇಂಥ ಓಟ ಹೇಳಿಸಿದ್ದಲ್ಲ, ಇದರಿಂದ ಬೇಗ ಮುಪ್ಪು ಬರುತ್ತದೆ ಎಂಬ ‘ವೈದ್ಯಕೀಯ’ ಉಪದೇಶಗಳೂ ಬೆನ್ನಿಗೇ ಬಂದವು.

ನಿಜವೇನು? ಓಡಿದ್ದು ಒಂಬತ್ತು ಮಂದಿ, ಹನ್ನೊಂದಲ್ಲ. ಆ ಒಂಬತ್ತೂ ಮಂದಿ ಗುರಿ ಮುಟ್ಟಿದರು. ಅರ್ಧದಲ್ಲಿ ಬಿಟ್ಟವರು ಒಬ್ಬರೂ ಇಲ್ಲ. ಅಂದಿನ ಚಲನಚಿತ್ರ ದಾಖಲೆ ಉಳಿದಿದೆ, ಫಲಿತಾಂಶದ ಪಟ್ಟಿಯೂ ಉಳಿದಿದೆ. ಓಟ ಮುಗಿದ ಮೇಲೆ ಕೆಲವರು ದಣಿದು ನೆಲಕ್ಕೊರಗಿದ್ದು ಹೌದು. ಜೀವ ಬಿಟ್ಟು ಓಡಿದ ಯಾರಿಗೂ ಆಗುವುದು ಅದೇ. ಗಂಡಸರ ಓಟದಲ್ಲೂ ಗುರಿಗೆರೆಯಾಚೆ ಬಿದ್ದುಕೊಳ್ಳುವವರು ಇದ್ದೇ ಇದ್ದಾರೆ. ಅವರನ್ನು ನಾವು ‘ವೀರೋಚಿತ ಹೋರಾಟ’ ಎಂದು ಕೊಂಡಾಡುತ್ತೇವೆ. ಅದೇ ದಣಿವು ಹೆಣ್ಣಿನ ಮುಖದಲ್ಲಿ ಕಂಡರೆ ಅದು ಅಬಲತೆಗೆ ಸಾಕ್ಷಿ!

ಆ ಬಳಿಕ ಅದೇ ಊರಿನಲ್ಲಿ ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯ ಸಭೆ ನಡೆಯಿತು. ಮಹಿಳೆಯರ ಸ್ಪರ್ಧೆಗಳನ್ನು ಉಳಿಸಿಕೊಂಡರೂ 800 ಮೀಟರನ್ನು ಕಿತ್ತುಹಾಕಲಾಯಿತು. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯೊಬ್ಬಳು ಒಂಟಿಯಾಗಿ ಓಡಬಹುದಾದ ಅತಿ ದೂರ 100 ಮೀಟರ್. 200 ಮೀಟರ್ ಸೇರಿದ್ದು 1948ರಲ್ಲಿ. 800 ಮೀಟರ್ ಮರಳಿ ಬಂದದ್ದು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ, ಮ್ಯಾರಥಾನ್ ಬಂದದ್ದು 1984ರಲ್ಲಿ. ಈ ನಡುವೆ ಓಡಬಹುದಾಗಿದ್ದ ಎಷ್ಟು ಹುಡುಗಿಯರು ಓಡದೆಯೇ ವಯಸ್ಸಾಗಿಹೋದರು! ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಓಡುತ್ತಿದ್ದ ಪತ್ರಕರ್ತೆ

ಅಂದು ಎರಡನೆಯವರಾಗಿ ಬಂದ ಕಿನುಎ ಹಿತೋಮಿಯ ಕಥೆ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಜಪಾನ್ ಆ ವರ್ಷ ಕಳುಹಿಸಿದ ಏಕೈಕ ಮಹಿಳೆ ಆಕೆ. ಅವರ ನೆಚ್ಚಿನ ಓಟ 100 ಮೀಟರ್. ಅದರ ಸೆಮಿಫೈನಲ್‌ನಲ್ಲಿ ಸೋತರು. ಬರಿಗೈಯಲ್ಲಿ ಊರಿಗೆ ಮರಳುವುದು ಹೇಗೆಂದು, ತನ್ನದಲ್ಲದ 800 ಮೀಟರ್ ಓಟಕ್ಕೆ ಇಳಿದು ಬೆಳ್ಳಿ ಗೆದ್ದರು. ಒಲಿಂಪಿಕ್ ಪದಕ ಗೆದ್ದ ಮೊದಲ ಜಪಾನಿ ಮಹಿಳೆ ಅವರೇ. ಅವರ ಉದ್ಯೋಗ ಏನಾಗಿತ್ತು ಗೊತ್ತೇ? ಒಸಾಕಾದ ‘ಮೈನಿಚಿ’ ಪತ್ರಿಕೆಯಲ್ಲಿ ವರದಿಗಾರ್ತಿ. ಒಂದು ಕಡೆ ಓಟವನ್ನು ಕಂಡು ತಪ್ಪು ಬರೆದ ಪತ್ರಕರ್ತರು, ಇನ್ನೊಂದು ಕಡೆ ಆ ಓಟವನ್ನೇ ಓಡಿದ ಪತ್ರಕರ್ತೆ. ಇತಿಹಾಸ ಮೊದಲನೆಯವರ ಮಾತನ್ನೇ ನಂಬಿತು.

ಹಿತೋಮಿ ಊರೂರು ಸುತ್ತಿ ಭಾಷಣ ಮಾಡಿದರು, ಹುಡುಗಿಯರ ತಂಡ ಕಟ್ಟಿ 1930ರಲ್ಲಿ ಪ್ರಾಗ್‌ನ ಮಹಿಳಾ ಕ್ರೀಡಾಕೂಟಕ್ಕೆ ಕರೆದೊಯ್ದರು. ಮರುವರ್ಷ ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸು 24. ಅಂದು 1931ರ ಆಗಸ್ಟ್ 2. ಆಮ್‌ಸ್ಟರ್‌ಡಾಮ್ ಓಟ ನಡೆದು ಸರಿಯಾಗಿ ಮೂರು ವರ್ಷ. ಜಪಾನಿನ ಇನ್ನೊಬ್ಬ ಮಹಿಳೆ ಒಲಿಂಪಿಕ್ ಓಟದಲ್ಲಿ ಪದಕ ಗೆಲ್ಲಲು 1992ರವರೆಗೆ, ಅಂದರೆ 64 ವರ್ಷ ಕಾಯಬೇಕಾಯಿತು.

ನಮ್ಮಲ್ಲಿ

ಭಾರತದ ಮಹಿಳಾ ಓಟಗಾರರು ಒಲಿಂಪಿಕ್ಸ್‌ಗೆ ಮೊದಲು ಹೋದದ್ದು 1952ರ ಹೆಲ್ಸಿಂಕಿಗೆ. ಮೇರಿ ಡಿಸೋಜಾ ಮತ್ತು ನೀಲಿಮಾ ಘೋಷ್ ಎಂಬ ಆ ಇಬ್ಬರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1984ರಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಕಂಚು ಕಳೆದುಕೊಂಡದ್ದು ಮಾತ್ರ ಮನೆಮಾತಾಯಿತು. ಆದರೆ ಅದೇ ಓಟದಲ್ಲಿ ಚಿನ್ನ ಗೆದ್ದವರು ಯಾರೆಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಮೊರಾಕ್ಕೊದ ನವಾಲ್ ಅಲ್ ಮುತವಕ್ಕಿಲ್. ತನ್ನ ದೇಶದ ತಂಡದಲ್ಲಿದ್ದ ಒಬ್ಬಳೇ ಮಹಿಳೆ. ಒಲಿಂಪಿಕ್ ಚಿನ್ನ ಗೆದ್ದ ಮೊದಲ ಅರಬ್ ಮುಸ್ಲಿಮ್ ಮಹಿಳೆ. ಮುಂದೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಉಪಾಧ್ಯಕ್ಷೆಯೂ ಆದರು. ಮುಸ್ಲಿಮ್ ಮಹಿಳೆಯ ದೈನ್ಯದ ಚಿತ್ರವನ್ನು ಪದೇ ಪದೇ ತೋರಿಸುವ ನಮ್ಮ ಮಾಧ್ಯಮಗಳಿಗೆ ಈಕೆಯ ಚಿತ್ರ ಅಷ್ಟಾಗಿ ಬೇಕಾಗಲಿಲ್ಲ.

ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಉಷಾರನ್ನೇ ಓಟದಲ್ಲಿ ಹಿಂದಿಕ್ಕಿದವರು. ಪತ್ರಿಕೆಗಳು ಅವರಿಗೆ ಕೊಟ್ಟ ಬಿರುದು ‘ಭಾರತದ ಫ್ಲೋ-ಜೊ’. ಅಮೆರಿಕದ ಓಟಗಾರ್ತಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್‌ಗೆ ಹೋಲಿಸಿದ್ದು ವೇಗಕ್ಕಿಂತ ಹೆಚ್ಚಾಗಿ ಉಡುಪು, ರೂಪಗಳ ಕಾರಣಕ್ಕೆ. ಹೊಗಳಿಕೆಯಲ್ಲೂ ಒಂದು ಕಳ್ಳತನವಿದೆ. ಕಾಲಿನ ಕಸುವಿಗೆ ಸಲ್ಲಬೇಕಾದ ಮಾತನ್ನು ಅದು ಮುಖದ ಚೆಲುವಿಗೆ ಕೊಟ್ಟುಬಿಡುತ್ತದೆ.

ಕ್ರಿಕೆಟ್ಟಿನ ಕಥೆಯೂ ಭಿನ್ನವಲ್ಲ. ಮೊದಲ ವಿಶ್ವಕಪ್ ಕ್ರಿಕೆಟ್ ಯಾವಾಗ ನಡೆಯಿತು ಎಂದರೆ 1975 ಎನ್ನುತ್ತೇವೆ. ಮಹಿಳೆಯರ ವಿಶ್ವಕಪ್ ಅದಕ್ಕೂ ಎರಡು ವರ್ಷ ಮೊದಲೇ, 1973ರಲ್ಲಿ ನಡೆದಿತ್ತು! ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು 1976ರ ಅಕ್ಟೋಬರ್ 31ರಂದು ಆರಂಭಿಸಿದ್ದು ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ಮರುತಿಂಗಳು ಪಾಟ್ನಾದಲ್ಲಿ ಮೊದಲ ಗೆಲುವೂ ಅವರ ನಾಯಕತ್ವದಲ್ಲೇ ಬಂತು, ದೇಶದ ಪರ ಮೊದಲ ಮಹಿಳಾ ಟೆಸ್ಟ್ ಶತಕವೂ ಅವರದ್ದೇ. ಅವರ ಕಾಲದ ಆಟಗಾರ್ತಿಯರು ರೈಲಿನ ಕಾಯ್ದಿರಿಸದ ಡಬ್ಬಿಗಳಲ್ಲಿ ಹೋಗಿ ಆಡಿ ಬಂದವರು. ಸುನಿಲ್ ಗಾವಸ್ಕರರ ಪ್ರತಿ ಶತಕವನ್ನು ಕಂಠಪಾಠ ಹೇಳುವ ಅಭಿಮಾನಿಗೆ ಶಾಂತಾರ ಒಂದು ಶತಕವೂ ತಿಳಿದಿಲ್ಲವಾದರೆ ಅದು ಅಭಿಮಾನಿಯ ತಪ್ಪಲ್ಲ. ಅವನಿಗೆ ಯಾರೂ ಹೇಳಲಿಲ್ಲ. 2017ರ ವಿಶ್ವಕಪ್ ವೇಳೆ ಪತ್ರಕರ್ತರೊಬ್ಬರು ಮಿಥಾಲಿ ರಾಜ್‌ರಲ್ಲಿ, ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು ಎಂದು ಕೇಳಿದರು. ಪುರುಷ ಆಟಗಾರರಲ್ಲಿ ಅವರ ಮೆಚ್ಚಿನ ಆಟಗಾರ್ತಿ ಯಾರೆಂದು ಎಂದಾದರೂ ಕೇಳಿದ್ದೀರಾ ಎಂದು ಮಿಥಾಲಿ ತಿರುಗಿ ಕೇಳಿದರು.

ಸ್ಕರ್ಟು ಮತ್ತು ಸ್ಕಾರ್ಫು

2005ರಲ್ಲಿ ಹೈದರಾಬಾದಿನ ಹದಿನೆಂಟರ ಹುಡುಗಿ ಸಾನಿಯಾ ಮಿರ್ಜಾ ಯು.ಎಸ್. ಓಪನ್‌ನ ನಾಲ್ಕನೆಯ ಸುತ್ತು ತಲುಪಿದರು. ಭಾರತದ ಯಾವ ಮಹಿಳೆಯೂ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಅಲ್ಲಿಯವರೆಗೆ ಹೋಗಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಆಕೆಯ ಉಡುಪಿನ ಬಗ್ಗೆ ಧರ್ಮಗುರುವೊಬ್ಬರ ಹೇಳಿಕೆ ‘ಫತ್ವಾ’ ಎಂಬ ಹೆಸರಿನಲ್ಲಿ ದೇಶದಾದ್ಯಂತ ಹಬ್ಬಿತು. ಕೋಲ್ಕತಾದ ಪಂದ್ಯಾವಳಿಗೆ ಭದ್ರತೆ ಹೆಚ್ಚಿಸಬೇಕಾಯಿತು. ವಾರಗಟ್ಟಲೆ ಚಾನೆಲ್‌ಗಳಲ್ಲಿ ಚರ್ಚೆ.

ಇಲ್ಲಿ ನಾವು ನಮ್ಮ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಉಡುಪಿನ ಸಭ್ಯತೆಯ ಬಗ್ಗೆ ಒಬ್ಬ ಮುಸ್ಲಿಮನಿಗೆ ತನ್ನದೇ ನಿಲುವಿರಬಹುದು, ಅದನ್ನು ಹೇಳುವ ಹಕ್ಕೂ ಇದೆ. ಆದರೆ ಹೆಣ್ಣುಮಗಳೊಬ್ಬಳ ವರ್ಷಗಳ ಬೆವರನ್ನು ಅಳೆಯಲು ನಮ್ಮ ಬಳಿ ಇದ್ದದ್ದು ಬಟ್ಟೆಯ ಗಜಕಡ್ಡಿ ಒಂದೇ ಆಯಿತಲ್ಲ! ಪ್ರವಾದಿ ಮುಹಮ್ಮದ್(ಸ) ತಮ್ಮ ಪತ್ನಿ ಆಯಿಶಾರೊಂದಿಗೆ ಓಟದ ಪಂದ್ಯ ನಡೆಸಿದ, ಒಮ್ಮೆ ಆಯಿಶಾ ಗೆದ್ದ ಪ್ರಸಂಗ ಹದೀಸ್ ಗ್ರಂಥಗಳಲ್ಲೇ ಇದೆ. ಆ ಕಥೆಯನ್ನು ನಾವು ಎಷ್ಟು ಬಾರಿ ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದೇವೆ?

ಹಾಗೆಂದು ಚಾನೆಲ್‌ಗಳು ಸಾನಿಯಾರ ಪಕ್ಷದಲ್ಲಿದ್ದವೇ? ಖಂಡಿತ ಇಲ್ಲ. ಒಬ್ಬರು ಸ್ಕರ್ಟನ್ನು ನೋಡಿ ಸಿಡುಕಿದರು, ಇನ್ನೊಬ್ಬರು ಅದೇ ಸ್ಕರ್ಟಿನ ಮೇಲೆ ಕ್ಯಾಮರಾ ಇಟ್ಟು ಹಣ ಮಾಡಿದರು. ಆಕೆಯ ಫೋರ್‌ಹ್ಯಾಂಡ್ ಹೊಡೆತವನ್ನು ಇಬ್ಬರೂ ನೋಡಲಿಲ್ಲ. 2015ರಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದ ಮೇಲೂ ಇದು ನಿಲ್ಲಲಿಲ್ಲ. 2016ರಲ್ಲಿ ಹಿರಿಯ ಟಿ.ವಿ. ಪತ್ರಕರ್ತರೊಬ್ಬರು, ನೀವು ನೆಲೆಯೂರುವುದು ಯಾವಾಗ, ತಾಯಿಯಾಗುವುದು ಯಾವಾಗ ಎಂದು ಕೇಳಿದರು. ಎಷ್ಟು ವಿಂಬಲ್ಡನ್ ಗೆದ್ದರೂ, ಒಂದನೇ ಸ್ಥಾನಕ್ಕೇರಿದರೂ ಹೆಣ್ಣು ನೆಲೆಯೂರಿದಂತಾಗುವುದಿಲ್ಲವೇ ಎಂಬರ್ಥದ ಉತ್ತರ ಕೊಟ್ಟರು ಸಾನಿಯಾ. ಇದೇ ಪ್ರಶ್ನೆಯನ್ನು ಪುರುಷ ಆಟಗಾರನಿಗೆ ಕೇಳುತ್ತಿರಲಿಲ್ಲ ಎಂದು ಒಪ್ಪಿ ಆ ಪತ್ರಕರ್ತರು ಅಲ್ಲೇ ಕ್ಷಮೆ ಕೇಳಿದ್ದು ಅವರ ದೊಡ್ಡತನ.

ಕಡಿಮೆ ಬಟ್ಟೆಯಷ್ಟೇ ಅಲ್ಲ, ಹೆಚ್ಚು ಬಟ್ಟೆಯೂ ತಪ್ಪಾಗುತ್ತದೆ. 2011ರಲ್ಲಿ ಇರಾನಿನ ಮಹಿಳಾ ಫುಟ್‌ಬಾಲ್ ತಂಡ ಜೋರ್ಡಾನ್ ವಿರುದ್ಧ ಒಲಿಂಪಿಕ್ ಅರ್ಹತಾ ಪಂದ್ಯವಾಡಲು ಮೈದಾನಕ್ಕಿಳಿದು ನಿಂತಿತ್ತು. ತಲೆವಸ್ತ್ರದ ಕಾರಣಕ್ಕೆ ಅವರನ್ನು ಆಡಲು ಬಿಡಲಿಲ್ಲ. ಫಿಫಾ ಆ ನಿರ್ಬಂಧವನ್ನು ಪೂರ್ಣವಾಗಿ ತೆಗೆದದ್ದು 2014ರಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಆತಿಥೇಯ ಫ್ರಾನ್ಸ್ ತನ್ನ ಆಟಗಾರ್ತಿಯರಿಗೆ ಹಿಜಾಬ್ ನಿಷೇಧಿಸಿತು. ಒಂದು ಕಡೆ ತೊಡು ಎನ್ನುವವರು, ಇನ್ನೊಂದು ಕಡೆ ತೆಗೆ ಎನ್ನುವವರು. ಆಡು ಎನ್ನುವವರು ಎಲ್ಲಿ?

ಮತ್ತೆ ಅದೇ 800 ಮೀಟರ್

ನಾವು ಹೊರಟ ಓಟಕ್ಕೇ ಮರಳೋಣ. 2006ರ ಡಿಸೆಂಬರ್, ದೋಹಾ ಏಷ್ಯನ್ ಕ್ರೀಡಾಕೂಟ. ತಮಿಳುನಾಡಿನ ಪುದುಕ್ಕೋಟೈ ಕಡೆಯ ಶಾಂತಿ ಸೌಂದರರಾಜನ್ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಇಟ್ಟಿಗೆ ಗೂಡಿನಲ್ಲಿ ದುಡಿಯುವ ತಂದೆತಾಯಿಯ ಮಗಳು. ಕೆಲವೇ ದಿನಗಳಲ್ಲಿ ‘ಲಿಂಗ ಪರೀಕ್ಷೆ’ಯ ಫಲಿತಾಂಶದ ಹೆಸರಿನಲ್ಲಿ ಪದಕ ಹೋಯಿತು. ಗುಟ್ಟಾಗಿರಬೇಕಾದ ವೈದ್ಯಕೀಯ ವಿಷಯ ಟಿ.ವಿ.ಯಲ್ಲಿ, ಪತ್ರಿಕೆಯ ಮುಖಪುಟದಲ್ಲಿ ಬಿತ್ತರವಾಯಿತು. ಗೆದ್ದ ದಿನ ಆಕೆಗೆ ಸಿಕ್ಕಿದ ಜಾಗವೆಷ್ಟು, ಕಳೆದುಕೊಂಡ ದಿನ ಸಿಕ್ಕಿದ ಜಾಗವೆಷ್ಟು ಎಂದು ಹೋಲಿಸಿ ನೋಡಿದರೆ ನಮ್ಮ ಪತ್ರಿಕೋದ್ಯಮದ ಅಳತೆಗೋಲು ತಿಳಿಯುತ್ತದೆ. ಕೆಲವು ವರ್ಷಗಳ ನಂತರ ಆಕೆ ಹೊಟ್ಟೆಪಾಡಿಗೆ ಮತ್ತೆ ಇಟ್ಟಿಗೆ ಗೂಡು ಸೇರಿದ್ದರು. ಬಳಿಕ ತರಬೇತುಗಾರ್ತಿಯಾಗಿ ಮೈದಾನಕ್ಕೆ ಮರಳಿದ್ದು ಆಕೆಯ ಛಲಕ್ಕೆ ಸಾಕ್ಷಿ.

2012ರ ಲಂಡನ್ ಒಲಿಂಪಿಕ್ಸ್. ಸೌದಿ ಅರೇಬಿಯಾ ಮೊದಲ ಬಾರಿಗೆ ಮಹಿಳೆಯರನ್ನು ಕಳುಹಿಸಿತು. ಅವರಲ್ಲಿ ಒಬ್ಬರಾದ ಸಾರಾ ಅತ್ತಾರ್ ಓಡಿದ್ದು 800 ಮೀಟರ್. ತಲೆಗೆ ಬಿಳಿ ವಸ್ತ್ರ, ಮೈತುಂಬ ಉಡುಪು. ತನ್ನ ಹೀಟ್‌ನಲ್ಲಿ ಗೆದ್ದವರಿಗಿಂತ ಅರ್ಧ ನಿಮಿಷಕ್ಕೂ ಹೆಚ್ಚು ತಡವಾಗಿ, ಎಲ್ಲರಿಗಿಂತ ಕೊನೆಯವರಾಗಿ ಬಂದರು. ಕ್ರೀಡಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. 1928ರಲ್ಲಿ ವಿಶ್ವದಾಖಲೆ ಮುರಿದವರನ್ನು ಪತ್ರಿಕೆಗಳು ನೆಲಕ್ಕೆ ಬೀಳಿಸಿದ್ದವು. 2012ರಲ್ಲಿ ಕೊನೆಗೆ ಬಂದವಳನ್ನು ಜನ ಎತ್ತಿ ಹಿಡಿದರು. ನೋಡುವ ಕಣ್ಣು ಬದಲಾಗಬಲ್ಲದು ಎಂಬುದಕ್ಕೆ ಇಷ್ಟು ಸಾಕು.

ಲೆಕ್ಕ ಇನ್ನೂ ಮುಗಿದಿಲ್ಲ

ಬದಲಾವಣೆ ಬಂದಿಲ್ಲವೆಂದರೆ ತಪ್ಪಾಗುತ್ತದೆ. 2022ರಲ್ಲಿ ಕ್ರಿಕೆಟ್ ಮಂಡಳಿ ಪುರುಷರಿಗೂ ಮಹಿಳೆಯರಿಗೂ ಪಂದ್ಯದ ಸಂಭಾವನೆಯನ್ನು ಸಮಾನಗೊಳಿಸಿತು. 2024ರಲ್ಲಿ ಬೆಂಗಳೂರಿಗೆ ಮೊದಲ ಲೀಗ್ ಕಪ್ ತಂದುಕೊಟ್ಟವರು ಮಹಿಳೆಯರು. ಫೈನಲ್‌ನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ಕಿತ್ತರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಹರ್ಮನ್‌ಪ್ರೀತ್ ಕೌರ್ ಬಳಗ ವಿಶ್ವಕಪ್ ಎತ್ತಿದಾಗ ದೇಶ ನಿದ್ದೆಗೆಟ್ಟು ನೋಡಿತು. ‘ಜನ ನೋಡುವುದಿಲ್ಲ’ ಎಂಬ ಹಳೆಯ ನೆಪ ಆ ರಾತ್ರಿ ಮಣ್ಣುಪಾಲಾಯಿತು.

ಆದರೂ ಪ್ರಸಾರ ಹಕ್ಕಿನ ಲೆಕ್ಕ ನೋಡಿ. 2023ರಿಂದ ಐದು ವರ್ಷಗಳಿಗೆ ಮಹಿಳಾ ಲೀಗ್‌ನ ಹಕ್ಕು ಮಾರಾಟವಾದದ್ದು 951 ಕೋಟಿ ರೂಪಾಯಿಗೆ. ಅದೇ ಅವಧಿಗೆ ಪುರುಷರ ಐ.ಪಿ.ಎಲ್. ಹಕ್ಕು 48,390 ಕೋಟಿಗೆ. ಇನ್ನು ಬರೆಯುವ ರೀತಿ? 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಶೂಟರ್ ಕೋರಿ ಕಾಗ್ಡೆಲ್ ಕಂಚು ಗೆದ್ದಾಗ ಒಂದು ಪತ್ರಿಕೆ ಆಕೆಯ ಹೆಸರನ್ನೇ ಹೇಳದೆ, ಷಿಕಾಗೊದ ಫುಟ್‌ಬಾಲ್ ಆಟಗಾರನೊಬ್ಬನ ಹೆಂಡತಿಗೆ ಪದಕ ಎಂದು ಟ್ವೀಟ್ ಮಾಡಿ ಟೀಕೆಗೆ ಗುರಿಯಾಯಿತು. ಆ ಪತ್ರಿಕೆ ಯಾವುದು ಗೊತ್ತೇ? ‘ಷಿಕಾಗೊ ಟ್ರಿಬ್ಯೂನ್’. 1928ರಲ್ಲಿ ಐವರನ್ನು ಬೀಳಿಸಿದ ಅದೇ ಪತ್ರಿಕೆ.

ಆಲಿಸ್ ಮಿಲಿಯಾ 1957ರಲ್ಲಿ ಬಹುತೇಕ ಮರೆತುಹೋದ ಹೆಸರಾಗಿ ತೀರಿಕೊಂಡರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಉದ್ಘಾಟನೆಯಂದು ಸೇನ್ ನದಿಯ ದಂಡೆಯಲ್ಲಿ ಎದ್ದುನಿಂತ ಹತ್ತು ಮಹಿಳೆಯರ ಹೊಂಬಣ್ಣದ ಪ್ರತಿಮೆಗಳಲ್ಲಿ ಒಂದು ಅವರದ್ದು. ಸ್ಪರ್ಧಿಗಳ ಸ್ಥಾನಗಳನ್ನು ಗಂಡಿಗೂ ಹೆಣ್ಣಿಗೂ ಸರಿಸಮನಾಗಿ ಹಂಚಿದ ಮೊದಲ ಒಲಿಂಪಿಕ್ಸ್ ಅದು. ಕೊನೆಯ ದಿನ ಮಹಿಳಾ ಮ್ಯಾರಥಾನ್ ಗೆದ್ದ ಇಥಿಯೋಪಿಯಾ ಮೂಲದ ಡಚ್ ಓಟಗಾರ್ತಿ ಸಿಫಾನ್ ಹಸನ್ ಹಿಜಾಬ್ ತೊಟ್ಟು ಚಿನ್ನದ ಪದಕಕ್ಕೆ ಕೊರಳೊಡ್ಡಿದರು. ಎಂಟು ನೂರು ಮೀಟರ್ ಓಡಿದರೆ ಹೆಣ್ಣು ಸಾಯುತ್ತಾಳೆ ಎಂದವರ ಮೊಮ್ಮಕ್ಕಳ ಕಾಲದಲ್ಲಿ ಆಕೆ ಓಡಿದ್ದು ನಲವತ್ತೆರಡು ಕಿಲೋಮೀಟರಿಗೂ ಹೆಚ್ಚು.

ನಮ್ಮ ಊರಿನ ಶಾಲೆಯ ಕ್ರೀಡಾದಿನದಂದು ಒಬ್ಬ ಹುಡುಗಿ ಓಡಿ, ದಣಿದು, ಹುಲ್ಲಿನ ಮೇಲೆ ಕುಸಿದು ಕೂತರೆ ನಾವು ಏನನ್ನುತ್ತೇವೆ? ‘ಅಯ್ಯೋ ಪಾಪ, ಹುಡುಗಿಯರಿಗೆ ಇದೆಲ್ಲ ಯಾಕೆ?’ ಎನ್ನುತ್ತೇವೆಯೋ, ‘ಭೇಷ್, ಎಷ್ಟು ನಿಮಿಷದಲ್ಲಿ ಓಡಿದೆ ಮಗಳೇ?’ ಎಂದು ಕೇಳುತ್ತೇವೆಯೋ? 1928ರ ವರದಿಗಾರರ ಸಾಲಿನಲ್ಲಿ ನಿಲ್ಲುವುದೋ ಬೇಡವೋ ಎಂಬುದು ಆ ಒಂದು ಮಾತಿನಲ್ಲೇ ತೀರ್ಮಾನವಾಗುತ್ತದೆ.